ಯೆಸ್ ಒತ್ತಿಸದೆ ಒಳಗೆ ಬಂದವನು

ಸುಮಿತ್ರಕ್ಕ, ಆಯುಧ ಪೂಜೆಯ ದಿನ ನಿಮ್ಮ ಕಂಪ್ಯೂಟರಿನ ಪರದೆಯ ಮೇಲೆ ಬಾಣ ತನ್ನಷ್ಟಕ್ಕೇ ಓಡಾಡಿದ್ದು ನಿಜ. ಓಡಾಡಿಸಿದವನು ನಾನು. ಶಿರಸಿಯ ಆಫೀಸಿನಲ್ಲಿ ಕುಳಿತು, ಯಲ್ಲಾಪುರದ ನಿಮ್ಮ ಮೇಜಿನ ಕಂಪ್ಯೂಟರಿಗೆ ನುಗ್ಗಿ, ನಿಮ್ಮ ಮೂರು ವರ್ಷದ ಕೆಲಸವನ್ನು ಅಳಿಸಿಹಾಕಿದವನೂ ನಾನೇ. ಆರು ವರ್ಷ ಬಾಯಿ ಬಿಡಲಿಲ್ಲ. ಇವತ್ತು ಬರೆಯಲು ಕೂತರೆ ನಿಲ್ಲಿಸಲು ಆಗುತ್ತಲೇ ಇಲ್ಲ — ಹೆದರಿಕೆಯೋ, ಉಮೇದೋ — ಎರಡೂ ಇರಬೇಕು. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ಕೇಳಿ.

ನಮ್ಮ ಮಣ್ಣು ಪರೀಕ್ಷಾ ಕೇಂದ್ರದ ಮೂರು ಆಫೀಸುಗಳನ್ನು, ಶಿರಸಿ, ಸಿದ್ದಾಪುರ, ಯಲ್ಲಾಪುರ, ಒಂದೇ ನೆಟ್‌ವರ್ಕಿಗೆ ಜೋಡಿಸಿದಾಗ ನನ್ನ ಹಾರಾಟ ನೀವು ನೋಡಿದ್ದೀರಿ. ಅಡ್ಮಿನ್ ಅಂದರೆ ನಾನೊಬ್ಬನೇ! ಯಾರು ಯಾವ ಕಡತ ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು — ಎಲ್ಲ ನಾನು ಹಾಕಿದ ಟಿಕ್ಕಿನಲ್ಲಿ. ಮೊದಲ ಸಲ ಶಿರಸಿಯಿಂದ ನಿಮ್ಮ ಪರದೆಗೆ ಬಂದದ್ದು ನೆನಪಿದೆಯೇ? 'ಒಳಗೆ ಬಿಡಬಹುದೇ' ಎಂದು ಕೇಳುವ ಪೆಟ್ಟಿಗೆ ಮೂಡಿತು. ಫೋನಿನಲ್ಲಿ ನನ್ನನ್ನು ನಾಲ್ಕು ಸಲ ಕೇಳಿ, ಹೆದರುತ್ತ ಹೆದರುತ್ತ ನೀವು 'ಯೆಸ್' ಒತ್ತಿದಿರಿ. ನಾನು ನಿಮ್ಮ ಖಾಲಿ ಹಾಳೆಯ ಮೇಲೆ 'ಚಾ ಆತಾ ಅಕ್ಕ?' ಎಂದು ಟೈಪ್ ಮಾಡಿದೆ. "ಅಯ್ಯೋ ದೇವ್ರೇ, ಇಂವ ಭೂತವೇ ಸೈ!" ಎಂದು ನೀವು ನಕ್ಕ ನಗೆಗೆ ಫೋನೇ ಬೇಕಿರಲಿಲ್ಲ, ಶಿರಸಿಗೆ ಹಾಗೇ ಕೇಳುತ್ತಿತ್ತು.

ಆದರೆ ಆ 'ಯೆಸ್'ಗೆ ಕಾಯುವುದು ನನಗೆ ಬಹಳ ಬೇಗ ಬೇಜಾರಾಯಿತು. ನೀವು ಯಾರೋ ರೈತರ ಜೊತೆ ಮಾತಾಡುತ್ತಿರುತ್ತೀರಿ, ಸಿದ್ದಾಪುರದವರಂತೂ ಫೋನೇ ಎತ್ತುವುದಿಲ್ಲ. ಆ ತುದಿಯಲ್ಲಿ ಇರುವವರು ಒಪ್ಪದೆ ಯಾರೂ ಒಳಗೆ ಹೋಗಕೂಡದು ಎಂಬುದು ಆಫೀಸಿನ ನಿಯಮ. ಯಾರಿಗೂ ಹೇಳದೆ ನಾನು ಅದನ್ನು ಮುರಿದೆ. ಕೇಳುವ ಪೆಟ್ಟಿಗೆ ಮೂಡದೆಯೇ ಮೂರೂ ಕಡೆ ನುಗ್ಗುವಂತೆ ಮಾಡಿಕೊಂಡೆ. ತಪ್ಪು ಅನ್ನಿಸಿತೇ? ಎಲ್ಲಿಂದ! ಕುಣಿಯುವಷ್ಟು ಖುಷಿಯಾಗಿತ್ತು. ಇವರಿಗೆಲ್ಲ ಗೊತ್ತೇ ಇಲ್ಲ, ನಾನು ಯಾವಾಗ ಬೇಕಾದರೂ ಬರಬಲ್ಲೆ — ಆ ಒಂದು ಯೋಚನೆಯೇ ನನಗೆ ಸಾಕಾಗುತ್ತಿತ್ತು.

ಆಯುಧ ಪೂಜೆ ಬಂತು. ಪೂಜೆಗೆ ಇಟ್ಟದ್ದನ್ನು ಮಾರನೇ ದಿನದವರೆಗೆ ಮುಟ್ಟಬಾರದು — ಈ ವಿಷಯದಲ್ಲಿ ನಿಮ್ಮಷ್ಟು ಕಟ್ಟುನಿಟ್ಟಿನವರನ್ನು ನಾನು ಕಾಣೆ. ಕಂಪ್ಯೂಟರನ್ನು ಆರಿಸಬೇಡಿ ಎಂದು ಎಲ್ಲರಿಗೂ ಹೇಳಿ, ನೀವೇ ಪರದೆಯ ಮೇಲೆ ಶಾರದೆಯ ಚಿತ್ರ ತೆರೆದಿಟ್ಟು, ಕೀಬೋರ್ಡಿಗೆ ಸೇವಂತಿಗೆ, ಮೌಸಿಗೆ ಕುಂಕುಮ. ಪಂಚಕಜ್ಜಾಯ ತಿಂದು ಎಲ್ಲರೂ ಮನೆಗೆ ಹೊರಟ ಮೇಲೂ, ದೀಪ ತಾನಾಗಿ ಶಾಂತವಾಗಲಿ ಎಂದು ಬೀಗದ ಕೈ ಹಿಡಿದು ನೀವೊಬ್ಬರೇ ಕೂತಿದ್ದಿರಂತೆ. ಇತ್ತ ಶಿರಸಿಯಲ್ಲಿ ನಾನೂ ಎಲ್ಲ ಕಂಪ್ಯೂಟರಿಗೆ ಹೂ ಏರಿಸಿದ್ದೆ. ನನ್ನ ಲ್ಯಾಪ್‌ಟಾಪನ್ನು ಮಾತ್ರ ಪೂಜೆಗೆ ಇಟ್ಟಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆಗೆ ಹೊಸ ಅನುಮತಿ ಪಟ್ಟಿ ತಯಾರಿರಬೇಕು, ಎಲ್ಲರೂ ಭೇಷ್ ಅನ್ನಬೇಕು — ಅದೊಂದೇ ತಲೆಯಲ್ಲಿ. ಪಟ್ಟಿ ನಿಮ್ಮ ಕಡೆ ಸರಿಯಾಗಿ ಕೂರುತ್ತದೆಯೇ ನೋಡಲು, ನಿಮ್ಮ ಹೆಸರಿನಲ್ಲೇ ತೆರೆದಿದ್ದ ಕಂಪ್ಯೂಟರಿಗೆ ನನ್ನ ಲ್ಯಾಪ್‌ಟಾಪಿನಿಂದ ನುಗ್ಗಿದೆ. ಶಾರದೆಯ ಚಿತ್ರ ಸರಿಸಿದೆ. ಮಣ್ಣಿನ ವರದಿಗಳ ಫೋಲ್ಡರ್ ಒಂದೇ ಹೆಸರಿನಲ್ಲಿ ಎರಡು ಕಡೆ ಇತ್ತು, ನೆಟ್‌ವರ್ಕ್ ಪರೀಕ್ಷಿಸಲೆಂದು ನಾನು ಮಾಡಿದ ಖಾಲಿಯದು ಒಂದು, ನಿಮ್ಮದು ಒಂದು. ಖಾಲಿಯದು ಅಂದುಕೊಂಡು ನಿಮ್ಮದನ್ನು ಅಳಿಸಿದೆ. ತೆರೆದೂ ನೋಡಲಿಲ್ಲ! ಉಮ್ಮಚಗಿಯಿಂದ ಮಾಗೋಡಿನವರೆಗಿನ ತೋಟ-ಗದ್ದೆಗಳ ಮಣ್ಣು ಹೇಗಿದೆ ಎಂದು ನೀವು ಒಂದೊಂದಾಗಿ ಟೈಪ್ ಮಾಡಿಟ್ಟದ್ದು. ಒಂದು ಕಡೆ ಅಳಿಸಿದರೆ ಮೂರೂ ಕಡೆ ಹೋಗುವ ಜೋಡಣೆ, ಅದೂ ನಾನೇ ಮಾಡಿದ್ದು. ಬೇರೆ ಡಿಸ್ಕಿಗೆ ಪ್ರತಿ ತೆಗೆದಿಡುವುದು ನನ್ನ ಕೆಲಸವಾಗಿತ್ತು. ತೆಗೆದಿರಲಿಲ್ಲ.

ಕೈತಪ್ಪು ಯಾರಿಂದಲಾದರೂ ಆಗುತ್ತದೆ ಅನ್ನಬಹುದು. ಅಲ್ಲಿಗೇ ಫೋನ್ ಮಾಡಿ ಹೇಳಿದ್ದರೆ ಅದು ಬರೀ ಕೈತಪ್ಪೇ ಆಗಿರುತ್ತಿತ್ತು. ನಾನು ಮಾಡಿದ್ದೇನು ಗೊತ್ತೇ — ಹೊರಗಿನಿಂದ ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆ ಇರುತ್ತದೆ, ಅದನ್ನು ಅಳಿಸಿದೆ. ಅದು ಕೈತಪ್ಪಲ್ಲ. ಉಳಿದದ್ದು ಒಂದೇ ದಾಖಲೆ. ಫೋಲ್ಡರ್ ಅಳಿಸಿದವರು: ಸುಮಿತ್ರಾ.

ವಿಚಾರಣೆಗೆ ನನ್ನನ್ನು ಯಲ್ಲಾಪುರಕ್ಕೆ ಕರೆಸಿದರು. "ಆನು ಮುಟ್ಟಿದ್ನಿಲ್ಲೆ. ಪೂಜೆಗೆ ಇಟ್ಟಿದ್ದನ್ನ ಆನು ಮುಟ್ತ್ನಾ? ಬಾಣ ತನ್ನಷ್ಟಕ್ಕೇ ಹೋತು, ಕಣ್ಣಾರೆ ನೋಡಿದ್ದಿ," ಎಂದಿರಿ ನೀವು. ಬನವಾಸಿ ಕಡೆಯ ನಮ್ಮ ಮ್ಯಾನೇಜರು ನಕ್ಕರು. "ಏನ್ರೀ ಅಕ್ಕಾರ, ದೇವಿ ಬಂದು ಮೌಸ್ ಹಿಡದ್ಲೇನ್ರೀ?" ಕೋಣೆ ತುಂಬ ನಗು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ನೀವ ಹೇಳ್ರಿ. ಇಲ್ಲಿ ಯಾರೂ ಯೆಸ್ ಒತ್ತದ, ಹೊರಗಿನವ್ರು ಒಳಗ ಬರಾಕ ಬರತೈತೇನು?"

ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ ಅಕ್ಕ. ಅನುಮಾನದಿಂದಲ್ಲ — ನಂಬಿಕೆಯಿಂದ! ಈ ಹುಡುಗನಿಗೆ ಕಂಪ್ಯೂಟರು ಗೊತ್ತು, ಇವನು ನನ್ನನ್ನು ಉಳಿಸುತ್ತಾನೆ ಎಂದು.

"ಬರೂದಿಲ್ಲ ಸರ್," ಅಂದೆ.

ಅದೇ ಸಂಜೆ ನಿಮ್ಮ ಅನುಮತಿ ತೆಗೆಯಲು ಆದೇಶ ಬಂತು. ತೆಗೆಯುವವನು ನಾನೊಬ್ಬನೇ ತಾನೇ? ನಿಮ್ಮ ಹೆಸರಿನ ಮುಂದೆ 'ತಿದ್ದಬಹುದು' ಎಂಬಲ್ಲಿನ ಟಿಕ್ ತೆಗೆದೆ, 'ನೋಡಬಹುದು' ಒಂದನ್ನು ಬಿಟ್ಟೆ. ಅಳಿಯದೆ ಉಳಿದಿದ್ದ ನಿಮ್ಮ ಬೇರೆ ಕಡತಗಳಲ್ಲೂ ಒಂದು ಅಕ್ಷರ ತಿದ್ದುವ ಹಕ್ಕು ನಿಮಗೆ ಉಳಿಯಲಿಲ್ಲ. ಮಣ್ಣಿನ ಚೀಲಗಳಿಗೆ ಚೀಟಿ ಅಂಟಿಸುವ ಮೇಜಿಗೆ ಕೂರಿಸಿದರು. ಅಲ್ಲಿಯೂ 'ಮೌಸ್ ದೇವಿ' ಎಂಬ ಕುಚೋದ್ಯ ನಿಲ್ಲಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗಲೇ ನೀವು ಕೆಲಸ ಬಿಟ್ಟಿರಿ. ಬೀಳ್ಕೊಡುಗೆಗೆ ನಾನು ಬಂದಿದ್ದೆ, ಜೋರಾಗಿ ಚಪ್ಪಾಳೆಯನ್ನೂ ಹೊಡೆದೆ. ಥೂ!

ಹೋದ ವಾರ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಿರಿ. ನನ್ನನ್ನು ನೋಡಿ ಎಷ್ಟು ಸಂತೋಷ ನಿಮಗೆ! "ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸ್ಕಂಡು ಬಂದಿ ತಮಾ. ಕಣ್ಣಿಗೆ ಎಂತೂ ಆಜಿಲ್ಲೆ, ಸರಿ ಇದ್ದು ಹೇಳಿದ್ರು ಡಾಕ್ಟ್ರು. ಹಂಗಾರೆ ಅವತ್ತು ಯನ್ನ ತಲೆಗೇ ಎಂತೋ ಆಗಿತ್ತು ಕಾಣ್ತು," ಎಂದು ನಕ್ಕುಬಿಟ್ಟಿರಿ. ನಿಮ್ಮ ಊರಿನ ಬಸ್ಸು ಬಂತು, ಹತ್ತಿದಿರಿ. ನಾನು ನನ್ನ ಬಸ್ಸನ್ನು ಬಿಟ್ಟು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ನಿಮ್ಮ ಕೆಲಸ ಕಳೆದೆ, ನಿಮ್ಮ ಹೆಸರು ಕೆಡಿಸಿದೆ, ಅಷ್ಟೇ ಅಂದುಕೊಂಡಿದ್ದೆ. ನೀವು ನಿಮ್ಮನ್ನೇ ನಂಬದ ಹಾಗೆ ಮಾಡಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ...

ನಿಮ್ಮ ತಲೆಗೆ ಏನೂ ಆಗಿರಲಿಲ್ಲ ಅಕ್ಕ. ನೀವು ಕಂಡದ್ದು ಕಂಡ ಹಾಗೇ ಇತ್ತು.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು ಈಗಿನ ಮ್ಯಾನೇಜರಿಗೆ ಕೊಟ್ಟೆ. "ಹಳೇ ಕತೆ, ಬಿಡು ಮಾರಾಯ, ಕೆಲಸಕ್ಕೇ ಕುತ್ತು ಬಂದೀತು," ಎಂದರು. ಬರಲಿ! ಶನಿವಾರ ಯಲ್ಲಾಪುರದಲ್ಲಿ ಮೂರೂ ಆಫೀಸಿನವರ ಸಭೆ ಇದೆ. ಎದ್ದು ನಿಂತು ಇದನ್ನೇ ಓದುತ್ತೇನೆ. ಹೆದರಿಕೆ ಇದ್ದೇ ಇದೆ, ಆದರೂ ಶನಿವಾರ ನಾಳೆಯೇ ಬರಬಾರದೇ ಅನ್ನಿಸುತ್ತಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಭಾರವನ್ನೂ ನಿಮ್ಮ ಮೇಲೆ ಹೊರಿಸಲಾರೆ. ನೀವು ಬರಲೇಬೇಕು ಎಂದೂ ಇಲ್ಲ. ಅವತ್ತು ನಕ್ಕವರಲ್ಲಿ ಬಹಳ ಮಂದಿ ಇನ್ನೂ ಇದ್ದಾರೆ, ಎದುರಿಗೇ ಕೂತಿರುತ್ತಾರೆ. ಈ ಸಲ ನನ್ನ ಮುಖ ನೋಡಿ ನಗಲಿ.