ಹಳದಿ ತುಂಡು

ಅಕ್ಕನ ತೊಡೆಯಿಂದ ತೆಗೆದ ಗಡ್ಡೆಯಲ್ಲಿ ಯಾವ ತುಂಡನ್ನು ಪರೀಕ್ಷೆಗೆ ಕಳಿಸಬೇಕೆಂದು ತೀರ್ಮಾನಿಸಿದವರು ಯಾರು ಎಂಬುದಕ್ಕೆ ನನ್ನಲ್ಲಿ ಮೂರು ನೆನಪುಗಳಿವೆ. ಒಂದರಲ್ಲಿ ಅದು ಅವ್ವ. ಇನ್ನೊಂದರಲ್ಲಿ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು. ಮೂರನೆಯದರಲ್ಲಿ ನಾನು. ಮೂರೂ ಒಂದೇ ಕೋಣೆಯಲ್ಲಿ, ಒಂದೇ ಮಧ್ಯಾಹ್ನ, ಒಂದೇ ಸ್ಟೀಲ್ ಟ್ರೇ ಮುಂದೆ ನಡೆಯುತ್ತವೆ. ಮೊದಲ ಎರಡನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಹೇಳಿದಷ್ಟು ಸಲ ಅವು ಹೆಚ್ಚು ಸ್ಪಷ್ಟವಾಗುತ್ತ ಬಂದವು. ಅದೇ ಕಾರಣಕ್ಕೆ ಈಗ ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಕ್ಕ ಇದ್ದದ್ದು ಬ್ಯಾಡಗಿಯಲ್ಲಿ. ಮಾಮಾ ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಿದ್ದರು. ಅದಕ್ಕೆ ನಾಲ್ಕೈದು ವರ್ಷ ಮೊದಲು ಸ್ಕೂಟರಿನಿಂದ ಬಿದ್ದು ಅಕ್ಕನ ಎಡತೊಡೆಯ ಎಲುಬು ಮುರಿದಿತ್ತು. ಒಳಗೆ ಸ್ಟೀಲಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ರಾಡ್ ಎನ್ನುತ್ತಿದ್ದರು. ಚಳಿಗಾಲದಲ್ಲಿ ಕಾಲು ಸೆಳೆದರೆ, "ಇವತ್ತ ರಾಡ್ ಸಿಟ್ಟಾಗೈತಿ" ಎಂದು ಅಕ್ಕ ಮನೆಗೆ ಬಂದ ನೆಂಟರ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು.

ಆ ವರ್ಷ ರಾಡಿನ ಪಕ್ಕದಲ್ಲಿ, ಮಾಂಸದ ಆಳದಲ್ಲಿ, ಒಂದು ಗಡ್ಡೆ ಕಾಣಿಸಿಕೊಂಡಿತು. ನೋವಿರಲಿಲ್ಲ. ಒತ್ತಿದರೆ ಸರಿಯುತ್ತಲೂ ಇರಲಿಲ್ಲ. ಇದ್ದಲ್ಲೇ ಇದ್ದು ಬೆಳೆಯಿತು. ರಾಣೆಬೆನ್ನೂರಿನ ಒಂದು ಸಣ್ಣ ಆಸ್ಪತ್ರೆಯ ಸರ್ಜನ್ ಎಕ್ಸ್-ರೇ ನೋಡಿ, ಲೋಹ ತಿಕ್ಕಿ ಸುತ್ತಲಿನ ಮಾಂಸ ಬಾತಿರಬಹುದು, ಬೇರೆ ಏನಾದರೂ ಇರಬಹುದು, ತೆಗೆದು ಪರೀಕ್ಷೆಗೆ ಕಳಿಸಿದರೆ ತಿಳಿಯುತ್ತದೆ ಎಂದರು. ನಾವು ಅದರಲ್ಲಿ ಮೊದಲನೆಯದನ್ನಷ್ಟೇ ಕೇಳಿಸಿಕೊಂಡೆವು.

ಆಪರೇಷನ್ ಮುಗಿದ ಮೇಲೆ ಸರ್ಜನ್ ಗಡ್ಡೆಯನ್ನು ಟ್ರೇಯಲ್ಲಿಟ್ಟು ತಂದು ನಮಗೆ ತೋರಿಸಿದರು. ಸಣ್ಣ ತೆಂಗಿನಕಾಯಿಯಷ್ಟಿತ್ತು. ನಡುವೆ ಸೀಳಿದ್ದರು. ಒಂದು ಕಡೆ ಬೆಣ್ಣೆಯ ಹಾಗೆ ಹಳದಿ, ನುಣುಪು. ಇನ್ನೊಂದು ಕಡೆ ಬೂದು ಬಿಳುಪಾಗಿ ಗಟ್ಟಿ, ಅಲ್ಲಲ್ಲಿ ರಕ್ತ, ಅಂಚಿಗೆ ಮಸಿ ಬಳಿದ ಹಾಗೆ ಕಪ್ಪು. "ಹಾವೇರಿ ಲ್ಯಾಬಿಗೆ ಕಳಸ್ರಿ" ಎಂದವರೇ ಇನ್ನೊಂದು ಕೇಸಿಗೆ ಹೋದರು. ಕಂಪೌಂಡರ್, ಮಾಂಸ ಕೆಡದ ಹಾಗೆ ಇಡುವ ಫಾರ್ಮಾಲಿನ್ ತುಂಬಿದ ಬಾಟಲಿ ತಂದ. ಬಾಟಲಿ ಸಣ್ಣದು, ಅದರ ಬಾಯಿ ಇನ್ನೂ ಸಣ್ಣದು.

"ಇದರಾಗ ಇಷ್ಟು ಹಿಡಿಯೂದಿಲ್ರಿ" ಎಂದ. "ಒಂದು ತುಂಡು ಹಾಕೂಣು. ಯಾವುದು ಹಾಕ್ಲಿ?"

ಇಲ್ಲಿಂದ ನೆನಪು ಕವಲೊಡೆಯುತ್ತದೆ. ಮಾಮಾ ಟ್ರೇ ಮೇಲೆ ಬಗ್ಗಿ, "ಹೊಲಸ್ಯಾಕ ಕಳಸ್ತೀರಿ? ಈ ಕಡೇದು ಸ್ವಚ್ಛ ಐತಿ, ಇದನ್ನ ಕಳಸ್ರಿ" ಎಂದದ್ದು ನನ್ನ ಕಿವಿಯಲ್ಲಿದೆ. ಅದು ಅವರ ಕಸುಬಿನ ಮಾತು. ರೈತರ ಮಾಲನ್ನು ಖರೀದಿದಾರರ ಮುಂದೆ ಇಡುವಾಗ ಬಣ್ಣಗೆಟ್ಟ ಕಾಯಿ ಸರಿಸಿ, ಕೆಂಪಗೆ ಸುಕ್ಕುಗಟ್ಟಿದ ಒಳ್ಳೆಯ ಕಾಯಿಯನ್ನು ಮೇಲೆ ತರುವುದು ಅವರ ಕೈಗೆ ಉಸಿರಿನಷ್ಟು ಸಹಜ. ಆದರೆ ಅವ್ವನೂ ಅಲ್ಲಿದ್ದಳು. "ಲ್ಯಾಬಿನ ದೊಡ್ಡ ಡಾಕ್ಟರು ನೋಡೋದು, ಚೊಲೋದು ಕೊಡ್ರಿ" ಎಂದಿದ್ದಳು ಎಂದೂ ನೆನಪು. ನಾನೋ, ಹಳದಿಯ ಕಡೆಗೆ ಬೆರಳು ಚಾಚಿದ್ದೆನೆಂದು ಒಂದೊಂದು ಸಲ ಅನ್ನಿಸುತ್ತದೆ. ಆ ಬೆರಳಿನ ಉಗುರಿಗೆ ಸೀಮೆಸುಣ್ಣ ಹತ್ತಿತ್ತು. ಇಂಥ ವಿವರ ಸತ್ಯದ ಗುರುತೋ, ಕಟ್ಟಿದ ಕಥೆಯ ಗುರುತೋ ನನಗೆ ತಿಳಿಯದು.

ಒಂದು ಮಾತು ಮಾತ್ರ ಖಾತ್ರಿ. ಪುಡಿಯನ್ನು ಚೆನ್ನಾಗಿ ಬೆರೆಸದೆ ಮಾದರಿ ತೆಗೆದರೆ ಫಲಿತಾಂಶ ಸುಳ್ಳಾಗುತ್ತದೆ ಎಂದು ನಾನು ಪ್ರತಿ ವರ್ಷ ಹುಡುಗರಿಗೆ ಪ್ರಯೋಗಾಲಯದಲ್ಲಿ ಹೇಳುತ್ತಿದ್ದೆ. ಆ ಟ್ರೇ ಮುಂದೆ ಅದನ್ನು ಹೇಳಲಿಲ್ಲ.

ಉಳಿದದ್ದನ್ನು ಕಂಪೌಂಡರ್ ಬಕೆಟ್ಟಿಗೆ ಹಾಕಲು ಹೊರಟಾಗ ಅವ್ವ ಅಡ್ಡ ಬಂದಳು. "ನನ್ನ ಮಗಳ ಮೈಯಾಗಿಂದು ಅದು. ನಾಯಿ ಬಾಯಿಗೆ ಕೊಡಾಕ ಬರೂದಿಲ್ಲ." ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿಕೊಂಡು ನಮ್ಮೂರು ಮೇಡ್ಲೇರಿಗೆ ಒಯ್ದು, ನಮ್ಮ ಹೊಲದ ಬದುವಿನಲ್ಲಿ ಹೂಳಿಸಿದಳು. ಗುಂಡಿ ತೋಡಿದವನು ನಾನೇ. ಇಂಥವನ್ನೆಲ್ಲ ನಂಬದವನು ಎಂದು ಮನೆಯಲ್ಲಿ ಹೆಸರಾಗಿದ್ದವನು ಯಾಕೆ ತೋಡಿದೆ? ಬೇಗ ಮುಗಿಸಿ, ಬಾಟಲಿ ಒಯ್ಯಲು ಹಾವೇರಿ ಬಸ್ಸು ಹಿಡಿಯುವ ಅವಸರ ಇರಬೇಕು. ಆ ದಿನಗಳಲ್ಲಿ ನನಗೆ ಎಲ್ಲಿಯೂ ಅರ್ಧ ಗಂಟೆ ಕೂರಲು ಆಗುತ್ತಿರಲಿಲ್ಲ.

ವಾರದ ಮೇಲೆ ವರದಿ ಬಂತು. ಕಳಿಸಿದ ತುಂಡಿನಲ್ಲಿರುವುದು ಸಾಧಾರಣ ಕೊಬ್ಬು, ಕ್ಯಾನ್ಸರ್ ಕಾಣಿಸಿಲ್ಲ. ನಾನು ಆ ಸಾಲನ್ನು ಬ್ಯಾಡಗಿಯ ಅಂಗಡಿಯಲ್ಲಿ ಘಾಟಿಗೆ ಸೀನುತ್ತ ಗಟ್ಟಿಯಾಗಿ ಓದಿದೆ. ಮಾಮಾ ಹಮಾಲರಿಗೆಲ್ಲ ಪೇಡೆ ಹಂಚಿದರು. ಕೆಳಗೆ ಇನ್ನೊಂದು ಸಾಲಿತ್ತು: ಗಡ್ಡೆ ಮತ್ತೆ ಬಂದರೆ ತಡಮಾಡದೆ ಪುನಃ ಪರೀಕ್ಷಿಸಬೇಕು. ಅದನ್ನು ಗಟ್ಟಿಯಾಗಿ ಓದಿದ ನೆನಪಿಲ್ಲ.

ಅದು ಮತ್ತೆ ಬಂತು. ಯಾವಾಗ ಬಂತೆಂದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅಕ್ಕ ಹೇಳಲಿಲ್ಲ. ಏಳೆಂಟು ತಿಂಗಳ ಮೇಲೆ ಒಂದು ಭಾನುವಾರ ಬ್ಯಾಡಗಿಗೆ ಹೋದಾಗ ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. ಸೀರೆಯ ಮೇಲಿನಿಂದಲೇ ಎಡತೊಡೆ ಇನ್ನೊಂದಕ್ಕಿಂತ ದಪ್ಪಗಿದೆ ಎಂದು ಕಾಣುತ್ತಿತ್ತು.

"ಎಷ್ಟು ದಿನದಿಂದ?" ಎಂದೆ.

"ಕುಂದ್ರು ಮೊದಲ. ಬಂದ ಕೂಡ್ಲೆ ಡಾಕ್ಟರ್ ಆಗಬ್ಯಾಡ."

"ಅಕ್ಕಾ, ಎಷ್ಟು ದಿನ ಆತು?"

"ಕಾಗದದಾಗ ಏನಿಲ್ಲ ಅಂತ ಬರದೈತಲ್ಲೋ. ನೀನ ಓದಿದಿ. ರಾಡ್ ಮತ್ತ ಸಿಟ್ಟಾಗೈತಿ, ಅಷ್ಟ."

ಒಳಗೆ ಹೋಗಿ ಚಹಾ ತಂದಳು. ನಾನು ಓದಿದ ಒಂದು ಸಾಲನ್ನು ನಂಬಿ ಆಕೆ ಅಷ್ಟು ತಿಂಗಳು ಅದನ್ನು ಹೊತ್ತು ತಿರುಗಿದ್ದಳು. ಅಂದು ನಾನು ಚಹಾ ಕುಡಿದೆನೋ ಇಲ್ಲವೋ ಗೊತ್ತಿಲ್ಲ.

ಮರುದಿನ ಸರ್ಜನ್ ಕಾಲು ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಹಳೆಯ ವರದಿಯ ಸಮೇತ ಹಾವೇರಿಗೆ, ಲ್ಯಾಬಿನ ವೈದ್ಯೆಯ ಬಳಿಗೇ ಕಳಿಸಿದರು. ಆಕೆ ನಡುವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಕಪಾಟಿನಿಂದ ಅಕ್ಕನ ಹಳೆಯ ಗಾಜಿನ ಪಟ್ಟಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಮತ್ತೊಮ್ಮೆ ನೋಡಿದರು. ಮಾಂಸವನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಮಾಡುವ ಪಟ್ಟಿ ಅದು. ನನಗೂ ನೋಡಲು ಹೇಳಿದರು. ಜೇನುಗೂಡಿನ ಹಾಗೆ ಖಾಲಿ ಖಾಲಿ ಕೋಣೆಗಳು, ನಡುವೆ ತಿಳಿ ಗುಲಾಬಿ ಗೆರೆ. ನೋಡಿದರೆ ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ.

"ಇದು ಈಗೂ ಕೊಬ್ಬ ಐತ್ರಿ. ನಾ ಬರದದ್ದು ತಪ್ಪಲ್ಲ" ಎಂದರು. "ಆದ್ರ ಗಡ್ಡಿ ಎಷ್ಟು ದೊಡ್ಡದಿತ್ತು?"

ಕೈಯಲ್ಲಿ ತೋರಿಸಿದೆ. ಅವರು ನನ್ನ ಕೈಯನ್ನೇ ನೋಡಿದರು.

"ನನಗ ಬಂದದ್ದು ಒಂದು ನಿಂಬಿಹಣ್ಣಿನಷ್ಟು. ಉಳಿದದ್ದು ಎಲ್ಲಿ?"

ಬಾಟಲಿಯ ಕಥೆ ಹೇಳಿದೆ. ಹಳದಿ ಕಡೆ, ಬೂದು ಕಡೆ, ಕಪ್ಪು ಅಂಚು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅದು ಬೇರೆ ಯಾರದೋ ಮೂರ್ಖತನದ ಕಥೆಯ ಹಾಗೆ ಕೇಳಿಸಿತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಒಂದ ಗಡ್ಡಿಯೊಳಗ ಒಂದು ಕಡೆ ಸಾದಾ ಕೊಬ್ಬಿನಂಗ ಇರತೈತಿ, ಅದರ ಮಗ್ಗಲಿಗೆ ರಾಕ್ಷಸ ಕುಂತಿರತಾನ. ನಾವು ಹುಡುಕೋದು ಅತೀ ಕೆಟ್ಟ ಜಾಗಾನ. ನೀವು ಚೊಲೋದು ಆರಿಸಿ ಕಳಿಸೀರಿ. ನಮಗ ಬೇಕಾಗಿದ್ದು ಕೆಟ್ಟದ್ದು."

ನಂತರ ಫೈಲಿನಿಂದ ಒಂದು ಫಾರ್ಮ್ ತೆಗೆದು ನನ್ನ ಮುಂದೆ ಸರಿಸಿದರು. ಬಾಟಲಿಯ ಜೊತೆ ಹೋದ ಫಾರ್ಮ್. ಇಡೀ ಗಡ್ಡೆಯೋ, ಅದರ ಭಾಗವೋ ಎಂದು ಕೇಳುವ ಎರಡು ಚೌಕಗಳಿದ್ದವು. ಇಡೀ ಗಡ್ಡೆ ಎಂಬ ಚೌಕದಲ್ಲಿ ಗುರುತು ಹಾಕಲಾಗಿತ್ತು. ಹಿಂದೆ ಆದ ಆಪರೇಷನ್, ದೇಹದಲ್ಲಿರುವ ಲೋಹದ ವಿವರ ಬರೆಯುವ ಸಾಲು ಖಾಲಿ.

"ಅಕ್ಷರ ನಿಮ್ದು ಅಲ್ಲೇನ್ರಿ?"

ನನ್ನದೇ. ನನ್ನ ಹಾಗೆ ಗುರುತಿನ ಬಾಲವನ್ನು ಚೌಕದ ಹೊರಗೆ ಉದ್ದಕ್ಕೆ ಎಳೆಯುವವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ. ಅದನ್ನು ಬರೆದ ಕ್ಷಣದ ಒಂದು ಚೂರೂ ನನ್ನ ತಲೆಯಲ್ಲಿಲ್ಲ. ಪೆನ್ನು ಯಾವುದು, ಎಲ್ಲಿ ಕುಳಿತು ಬರೆದೆ, ಯಾವುದೂ ಇಲ್ಲ. ತಲೆಯೊಳಗಿನ ಆ ಖಾಲಿ ಜಾಗ ಕಂಡ ಮೇಲೆ ಉಳಿದ ನೆನಪುಗಳನ್ನು ಯಾವ ಧೈರ್ಯದಲ್ಲಿ ನಂಬಲಿ?

ಮನೆಗೆ ಬಂದು ವಿಷಯ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು. "ಅಗದು ತರ್ಲೇನು?" ಇಷ್ಟು ದಿನದ ಮೇಲೆ ಏನೂ ಉಳಿದಿರುವುದಿಲ್ಲ ಎಂದೆ. ಅವಳು ನನಗೆ ಹೇಳದೆ ಮರುದಿನ ಮೇಡ್ಲೇರಿಗೆ ಹೋಗಿ ಅಗೆದಳು. ಸಂಜೆ ಬಂದಾಗ ಅವಳ ಸೆರಗಿನಲ್ಲಿ ಬಟ್ಟೆಯ ಒಂದು ಚಿಂದಿ ಇತ್ತು, ಮಣ್ಣಿನ ಬಣ್ಣಕ್ಕೆ ತಿರುಗಿದ್ದು. ಅದನ್ನು ಮೇಜಿನ ಮೇಲಿಟ್ಟು, "ಇಷ್ಟ ಸಿಕ್ಕತು" ಎಂದಳು. ಲ್ಯಾಬಿಗೆ ಅದು ಉಪಯೋಗವಾದೀತೇ ಎಂದು ನನ್ನ ಮುಖ ನೋಡುತ್ತ ನಿಂತಳು.

ಎರಡನೆಯ ಸಲ ತೆಗೆದ ತುಂಡುಗಳನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಬರಣಿಯಲ್ಲಿ ಒಯ್ದೆ. ಈ ಸಲ ಸರ್ಜನ್ ತಾವೇ ಬೇರೆ ಬೇರೆ ಜಾಗದಿಂದ ತೆಗೆದು, ತಾವೇ ಫಾರ್ಮ್ ತುಂಬಿದ್ದರು. ಬಸ್ಸಿನಲ್ಲಿ ಬರಣಿ ತೊಡೆಯ ಮೇಲಿತ್ತು. ಮುಚ್ಚಳದ ಸಂದಿಯಿಂದ ಬರುವ ವಾಸನೆಗೆ ಕಣ್ಣು ಉರಿದು ನೀರು ಬರುತ್ತಿತ್ತು. ಪಕ್ಕದಲ್ಲಿದ್ದ ಅಜ್ಜ, "ಯಾಕೋ ತಮ್ಮಾ, ಮನ್ಯಾಗ ಏನರ ಆಗೈತೇನು?" ಎಂದು ಕೇಳಿದ. ಔಷಧದ ವಾಸನೆ ಎಂದೆ. ಅವನು ನಂಬಲಿಲ್ಲ, ಕಿಟಕಿಯ ಪಕ್ಕದ ತನ್ನ ಜಾಗ ಬಿಟ್ಟುಕೊಟ್ಟ.

ವೈದ್ಯೆ ತಾವು ಕಂಡದ್ದನ್ನು ಹುಬ್ಬಳ್ಳಿಯ ಇನ್ನೊಬ್ಬ ತಜ್ಞರಿಗೂ ಕಳಿಸಿ ಕೇಳಿ, ಹದಿನೈದು ದಿನ ಬಿಟ್ಟು ನನ್ನನ್ನು ಕರೆದರು. ಗಡ್ಡೆಯಲ್ಲಿ ಎರಡು ಬೇರೆ ಸಂಗತಿಗಳಿದ್ದವು. ಸ್ಕ್ರೂಗಳ ಸುತ್ತ, ಲೋಹ ತಿಕ್ಕಿ ಉದುರಿದ ಕಪ್ಪು ಪುಡಿಯನ್ನು ನುಂಗಿ ಕುಳಿತ ಜೀವಕೋಶಗಳು. ಅವುಗಳಿಂದ ಜೀವಕ್ಕೆ ಅಪಾಯವಿಲ್ಲ. ನಾವು ಹೊಲಸೆಂದು ದೂರ ಸರಿಸಿದ ಮಸಿ ಅದೇ ಇರಬೇಕು. ಅದರ ಬೆನ್ನಿಗೇ, ರಾಡಿಗೆ ಸಂಬಂಧವಿಲ್ಲದ ಇನ್ನೊಂದು. ಕೊಬ್ಬಿನಲ್ಲಿ ಹುಟ್ಟಿ, ಬಹಳ ಕಾಲ ಕೊಬ್ಬಿನ ವೇಷದಲ್ಲಿಯೇ ಇದ್ದು, ಒಂದು ಮೂಲೆಯಲ್ಲಿ ವೇಷ ಕಳಚುವ ಅಪರೂಪದ ಕ್ಯಾನ್ಸರ್. ಕೈಯಿಂದ ಮುಟ್ಟಿ, ಎಕ್ಸ್-ರೇ ನೋಡಿ ಇವೆರಡನ್ನು ಬಿಡಿಸಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ ಎಂದರು. ಮಾಂಸವೇ ಹೇಳಬೇಕು.

"ಮೊದಲ ಸಲಾನ ಗೊತ್ತಾಗಿದ್ರ?" ಎಂದು ಕೇಳಿದೆ.

"ಸುತ್ತಲ ಮಾಂಸ ಅಗಲಕ್ಕ ತಗದು ಕಾಲು ಉಳಸಾಕ ನೋಡ್ತಿದ್ರು. ಉಳೀತಿತ್ತು ಅಂತ ನಾ ಹೇಳೂದಿಲ್ಲ. ನೋಡ್ತಿದ್ರು."

ಈಗ ಅದು ರಕ್ತನಾಳವನ್ನೂ ನರವನ್ನೂ ಸುತ್ತಿಕೊಂಡಿತ್ತು. ಹುಬ್ಬಳ್ಳಿಯಲ್ಲಿ ಕಾಲು ತೆಗೆಯಬೇಕೆಂದರು. ತೆಗೆದರು. ಅಕ್ಕ ಉಳಿದಳು. ವರ್ಷಕ್ಕೆ ಎರಡು ಸಲ ಎದೆಯ ಎಕ್ಸ್-ರೇ ತೆಗೆಸಬೇಕು. ಅದು ಕೈಗೆ ಬರುವ ತನಕ ನಮ್ಮಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಕಾಲು ತೆಗೆಯುವ ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಮಾಮಾ ಊಟ ತರಲು ಹೋಗಿದ್ದರು. ನಾನು ಮಂಚದ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದೆ.

"ನಿಲ್ಲೋ ಒಂದು ಕಡೆ, ತಲಿ ತಿರಗಾಕತ್ತೈತಿ" ಎಂದಳು ಅಕ್ಕ. "ಒಂದು ಕೇಳ್ತೇನಿ, ಖರೇ ಹೇಳು. ಆ ತುಂಡು ಆರಿಸಿದಾವ್ರು ಯಾರು?"

"ನಾ" ಎಂದೆ.

ಅವಳು ನಕ್ಕಳು. "ನಿನ್ನೆ ನಿಮ್ಮ ಮಾಮಾನೂ ನಾ ಅಂದ್ರು. ಮೊನ್ನೆ ಅವ್ವ, ನಂದ ತಪ್ಪು ಅಂತ ಅತ್ತು ಹೋದ್ಲು. ಮೂರು ಮಂದೀನೂ ಈಗ ನಾ ನಾ ಅನಾಕತ್ತೀರಿ. ನಿನಗ ಖರೇನ ನೆನಪೈತೇನು?"

ಫಾರ್ಮಿನ ವಿಷಯ ಹೇಳಿದೆ. ಗುರುತು ನನ್ನದು, ಆದರೆ ಹಾಕಿದ್ದು ನೆನಪಿಲ್ಲ, ತುಂಡು ಆರಿಸಿದ್ದೂ ಖಚಿತವಿಲ್ಲ ಎಂದೆ. ಅವಳು ಹೊದಿಕೆಯನ್ನು ಕಾಲಿನ ಮೇಲೆ ಸರಿಮಾಡಿಕೊಂಡಳು.

"ಹಂಗಾರ ನೆನಪಿಲ್ಲ ಅನ್ನು. ನಾ ಅಂತ ಅನಬ್ಯಾಡ. ನಾ ಅಂದ್ರ ನಿನ್ನ ಮಾಫ್ ಮಾಡೋ ಕೆಲಸ ನನ್ನ ಮ್ಯಾಲ ಬೀಳತೈತಿ. ಅದಕ್ಕ ನನಗ ಈಗ ಪುರಸೊತ್ತಿಲ್ಲ."

ಅಷ್ಟರಲ್ಲಿ ಮಾಮಾ ಬುತ್ತಿ ಹಿಡಿದು ಬಂದರು, ಅವರ ಹಿಂದೆಯೇ ನರ್ಸ್ ಒಪ್ಪಿಗೆ ಪತ್ರ ತಂದಳು. ಮೊದಲ ಆಪರೇಷನ್ನಿಗೆ ತಾವೇ ಸಹಿ ಮಾಡಿದ ಹಾಗೆ ಈಗಲೂ ಮಾಮಾ ಪೆನ್ನಿಗಾಗಿ ಜೇಬಿಗೆ ಕೈ ಹಾಕಿದರು.

"ನೀವ್ ಬಿಡ್ರಿ. ಇಲ್ಲಿ ಕೊಡ್ರಿ ಅದನ್ನ" ಎಂದಳು ಅಕ್ಕ.

ಸಾಲಿನ ಕೆಳಗೆ ಬೆರಳಿಟ್ಟು, ಒಂದೂ ಬಿಡದೆ ಓದಿದಳು. ತಿಳಿಯದ ಶಬ್ದ ಬಂದರೆ ನನ್ನನ್ನು ಕೇಳಲಿಲ್ಲ, ನರ್ಸನ್ನು ಕೇಳಿದಳು. ಕೊನೆಗೆ, "ತಗದ ಮ್ಯಾಲ ಕಾಲು ಎಲ್ಲಿಗೆ ಹೋಗತೈತಿ?" ಎಂದಳು.

"ಲ್ಯಾಬಿಗೆ ಹೋಗತೈತ್ರಿ, ಅಕ್ಕಾರ."

"ಇಡೀ ಕಾಲು?"

"ಇಡೀ ಕಾಲು."

ಅಕ್ಕ ಸಹಿ ಮಾಡಿದಳು.