ಪೆತ್ವಾ ಟೀಚರ್ ಮತ್ತು ಭಾಷಣದ ಹುಡುಗಿ

ಪೆತ್ವಾ ಟೀಚರ್ ಬಾಯಿ ತೆರೆದರೆ ಅಂತೀಕೆ ಪ್ರಾಂತ್ಯದ ಕರಾವಳಿಯ ಆ ಪ್ರಾಥಮಿಕ ಶಾಲೆಯ ತಗಡಿನ ಮಾಡು ಅದುರುತ್ತಿತ್ತು. ಪಾಠ ಮಾಡುವುದರಲ್ಲಿ ಆಕೆ ಅಷ್ಟಕ್ಕಷ್ಟೆ. ಆದರೆ ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವುದರಲ್ಲಿ ಆಕೆಯ ಮುಂದೆ ನಿಲ್ಲುವವರೇ ಇರಲಿಲ್ಲ. ಎಲ್ಲಿ ಅಳಬೇಕು, ಎಲ್ಲಿ ಮೊಣಕಾಲೂರಬೇಕು, ಎಲ್ಲವನ್ನೂ ತಾನೇ ಮಾಡಿ ತೋರಿಸುತ್ತಿದ್ದಳು. ಸ್ಪರ್ಧೆ ಹತ್ತಿರ ಬಂತೆಂದರೆ, ಆಯ್ಕೆಯಾದ ಮಗುವನ್ನು ತರಗತಿಯಿಂದ ಎಬ್ಬಿಸಿಕೊಂಡು ಹೋಗಿ ವಾರಗಟ್ಟಲೆ ಮಾವಿನ ಮರದಡಿ ತಾಲೀಮು ನಡೆಸುವುದು ಅಲ್ಲಿನ ರೂಢಿ. ಯಾವ ಮೇಷ್ಟರೂ ತಕರಾರು ಎತ್ತುವಂತಿರಲಿಲ್ಲ, ಪದಕ ಇಡೀ ಶಾಲೆಯದಲ್ಲವೇ!

ಮೀನುಗಾರರ ಮನೆಯ ಮಿರಾಫ್ಲೋರ್ ಎರಡನೇ ತರಗತಿಯಲ್ಲೇ ಆಕೆಯ ಕಣ್ಣಿಗೆ ಬಿದ್ದಳು. ಒಮ್ಮೆ ಕೇಳಿದರೆ ಸಾಕು, ಇಡೀ ಭಾಷಣ ನಾಲಿಗೆಯ ಮೇಲೆ. ಪೌಷ್ಟಿಕಾಹಾರದ ತಿಂಗಳು, ರಾಷ್ಟ್ರಭಾಷೆಯ ತಿಂಗಳು, ಓದಿನ ತಿಂಗಳು, ಒಂದರ ಸ್ಪರ್ಧೆ ಮುಗಿಯುವುದರೊಳಗೆ ಇನ್ನೊಂದು. ಓದಿನ ತಿಂಗಳಲ್ಲಂತೂ ಪುಸ್ತಕವೇ ತನ್ನ ಜೀವದ ಗೆಳತಿಯೆಂದು ಕೂಗಿ ತೀರ್ಪುಗಾರರ ಕಣ್ಣಲ್ಲಿ ನೀರು ತರಿಸಿದ್ದಳು. ಹುಡುಗಿ ಬೆಂಚಿನ ಮೇಲೆ ಕೂತದ್ದಕ್ಕಿಂತ ಮರದಡಿ ನಿಂತದ್ದೇ ಹೆಚ್ಚು.

ಆರನೇ ತರಗತಿಯ ಕೊನೆಯಲ್ಲಿ ಪ್ರಾಂತ್ಯ ಮಟ್ಟದ ಸ್ಪರ್ಧೆಗೆ ಹೊಸ ಭಾಷಣ ಬಂತು. ಅಂದು ಪೆತ್ವಾಳಿಗೆ ಗಂಟಲು ಕಟ್ಟಿತ್ತು. ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟು, "ಇವತ್ತು ನೀನೇ ಓದ್ಕೊ ಇಂದಾಯ್, ನನ್ನ ಮಗಳೇ," ಎಂದು ಪಿಸುಗುಟ್ಟಿದಳು.

ಹುಡುಗಿ ಕಾಲ ಹೆಬ್ಬೆರಳಿನಿಂದ ನೆಲ ಗೀರಿದಳು. "ನಾಳೆ ನಿಮ್ಮ ಗಂಟಲು ಸರಿಹೋಗ್ಲಿ ಮ್ಯಾಮ್. ಆಗ ಹೇಳ್ಕೊಡಿ."

"ಮೊದಲ್ನೇ ಸಾಲಾದ್ರೂ ಓದೇ."

"ಬರಲ್ಲ ಮ್ಯಾಮ್."

"ಯಾವ ಪದ ಬರಲ್ಲ?"

"ಯಾವ್ದೂ."

ಪೆತ್ವಾ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಓದಲು ಬಾರದ ಮಕ್ಕಳಿಗೆಂದೇ ಶಾಲೆಯಲ್ಲಿ ಸಂಜೆ ತರಗತಿಯಿತ್ತು. ಹುಡುಗಿಯನ್ನು ಅಲ್ಲಿಗೆ ಕಳಿಸಿ ಎಂದು ಕೇಳಿದವರನ್ನೆಲ್ಲ ತಾಲೀಮಿದೆ ಎಂದು ಸಾಗಹಾಕಿದವಳು ತಾನೇ. ಪದಕಗಳ ಮುಖ ನೋಡಿ ಎಲ್ಲರೂ ಪಾಸು ಮಾಡುತ್ತ ಬಂದಿದ್ದರು. ಆರನೇ ತರಗತಿಗೆ ಈ ಶಾಲೆ ಮುಗಿಯಿತು, ಇನ್ನು ಹೈಸ್ಕೂಲು. ಅಲ್ಲಿ ಈ ಮಗುವಿನ ಗತಿಯೇನು?

ಗಂಟಲು ಸರಿಹೋದದ್ದೇ ತಡ, ಭಾಷಣ ಬದಿಗಿಟ್ಟು ಅಕ್ಷರ ಕಲಿಸಲು ಕೂತಳು. ಅದು ಕೈಗೂಡಲಿಲ್ಲ. ಪೆತ್ವಾ ಒಮ್ಮೆ ಓದಿದ ಪುಟವನ್ನು ಹುಡುಗಿ ಗಡಗಡ ಒಪ್ಪಿಸಿಬಿಡುತ್ತಿದ್ದಳು. ಬೆರಳು ಒಂದು ಕಡೆ, ಮಾತು ಇನ್ನೊಂದು ಕಡೆ. ಈ ಹಾಳು ಕಿವಿಯೇ ಇವಳ ಶತ್ರುವಾಯಿತಲ್ಲ ಎಂದು ಪೆತ್ವಾ ಹಣೆ ಚಚ್ಚಿಕೊಂಡಳು.

"ಯಾಕ್ ಮ್ಯಾಮ್ ಇಷ್ಟು ಒದ್ದಾಡ್ತೀರಿ?" ಹುಡುಗಿಯೇ ಸಮಾಧಾನ ಹೇಳಿದಳು. "ಪದಕ ಗೆದ್ದು ಕೊಟ್ಬಿಡ್ತೀನಿ. ಆಮೇಲೆ ಇಲೊಯಿಲೊ ಪಟ್ಟಣದಲ್ಲಿ ಮನೆಕೆಲಸಕ್ಕೆ ಹೋಗ್ತೀನಿ, ಅಜ್ಜಿ ಮಾತಾಡಿದಾಳೆ. ಪಾತ್ರೆ ತೊಳೆಯೋಕೆ ಓದು ಯಾಕೆ?"

ಪೆತ್ವಾ ಪುಸ್ತಕ ಮುಚ್ಚಿ ಎದ್ದಳು. ನೇರ ಹೆಡ್‌ಮಾಸ್ಟರ್ ಎಲ್ಪಿಡಿಯೊ ಹತ್ತಿರ ಹೋಗಿ, ಹುಡುಗಿ ಸ್ಪರ್ಧೆಗೆ ಬರುವುದಿಲ್ಲ ಎಂದಳು.

"ತಲೆ ಕೆಟ್ಟಿದೆಯೇನ್ರೀ ಮ್ಯಾಮ್? ಅವಳ ಫೋಟೋ ಇರೋ ಬ್ಯಾನರು ಗೇಟಲ್ಲಿ ನೇತಾಡ್ತಿದೆ! ಓದೋದನ್ನ ರಜೇಲಿ ಕಲಿಸಿ."

"ರಜೇಲಿ ಅವಳು ಊರಲ್ಲೇ ಇರಲ್ಲ ಸರ್."

"ಅದು ಅವರ ಮನೆ ವಿಷಯ."

ಸ್ಪರ್ಧೆಯ ಬೆಳಿಗ್ಗೆ ಜೀಪು ಬಂದು ಗೇಟಿನಲ್ಲಿ ನಿಂತಿತು. ಬಿಳಿ ಉಡುಪು ತೊಟ್ಟು ಬಂದ ಮಿರಾಫ್ಲೋರಳನ್ನು ಪೆತ್ವಾ ಒಂದನೇ ತರಗತಿಯ ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು. ಕಪ್ಪುಹಲಗೆಯ ಮೇಲೆ ಒಂದು ಪದ ಬರೆದಳು. ಬರೆದು, ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

"ಏನದು ಮ್ಯಾಮ್? ಹೇಳಿ."

ಪೆತ್ವಾ ಹಲಗೆಯತ್ತ ಬೆರಳು ತೋರಿಸಿದಳು.

"ಒಂದೇ ಒಂದ್ಸಲ ಹೇಳಿ ಮ್ಯಾಮ್. ಹೊತ್ತಾಯ್ತು, ಸರ್ ಬೈತಾರೆ."

ಹೊರಗೆ ಹಾರ್ನ್ ಒಂದೇ ಸಮನೆ ಕೂಗಿತು. ಎಲ್ಪಿಡಿಯೊ ಬಾಗಿಲು ಬಡಿದರು, ಬೇಡಿಕೊಂಡರು, ಕೆಲಸಕ್ಕೇ ಕುತ್ತು ತರುತ್ತೇನೆಂದು ಗದರಿದರು. ಕೊನೆಗೆ ಜೀಪು ಹೊರಟೇಹೋಯಿತು. ಅದರ ಸದ್ದು ಅಡಗುವವರೆಗೂ ಕಿಟಕಿಯ ಸರಳು ಹಿಡಿದು ನಿಂತಿದ್ದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ನಾನೇನ್ ತಪ್ಪು ಮಾಡ್ದೆ ಮ್ಯಾಮ್? ನಂಗೆ ಬರೋದು ಅದೊಂದೇ. ಅದನ್ನೂ ಕಿತ್ಕೊಂಡ್ರಲ್ಲ."

ಆ ಪದ ಪೆತ್ವಾಳ ತುದಿನಾಲಿಗೆಗೆ ಬಂದಿತ್ತು. ಹೇಳಿಬಿಟ್ಟರೆ ಅಳು ನಿಲ್ಲುತ್ತಿತ್ತು. ಆಕೆಯ ಕಣ್ಣೀರು ಬೆರಳ ಸಂದಿಗಳಲ್ಲಿ ಇಳಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಹುಡುಗಿ ಬಿಳಿ ತೋಳಿನಿಂದ ಮೂಗು ಒರೆಸಿಕೊಂಡು ಹಲಗೆಯ ಕಡೆ ತಿರುಗಿದಳು.

"ದೋಣೀನಾ?"

ಹಲಗೆಯ ಮೇಲಿದ್ದದ್ದು 'ಅಜ್ಜಿ'. ಪೆತ್ವಾ ಅಲ್ಲವೆಂದು ತಲೆಯಾಡಿಸಿದಳು, ಕೈ ಮಾತ್ರ ತೆಗೆಯಲಿಲ್ಲ.