ಹೇಳಿಕೆ ಮುಟ್ಟಿತಾ?

ನಮ್ಮ ಕಡೆ ‘ಹೇಳಿಕೆ’ ಎಂದರೆ ಮದುವೆಗೆ ಕರೆಯುವುದು. ಕಾಗದ ಕೊಟ್ಟರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಮುಟ್ಟಿತು ಎಂದು ಆಚೆಯವರು ಒಪ್ಪಬೇಕು. ಒಪ್ಪದಿದ್ದರೆ ಹೇಳಿಕೆ ಆಗಲೇ ಇಲ್ಲ ಎಂದು ಲೆಕ್ಕ. ಆ ಮನೆಯವರು ಊಟಕ್ಕೆ ಬರುವುದಿಲ್ಲ, ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಮೂಡುಬಿದಿರೆಯಲ್ಲಿ ಓದುವಾಗ ಒಂದು ಚರ್ಚಾಸ್ಪರ್ಧೆಯಲ್ಲಿ ನಾನು ಈ ಪದ್ಧತಿಯನ್ನು ಚೆನ್ನಾಗಿ ಹೊಡೆದು ಹಾಕಿ ಬಹುಮಾನ ತೆಗೆದುಕೊಂಡಿದ್ದೆ. ಹೊಡೆದು ಹಾಕಿದ್ದು ವೇದಿಕೆಯ ಮೇಲೆ ಮಾತ್ರ ಎಂಬುದು ತಿಳಿಯಲು ಹೆಚ್ಚು ವರ್ಷ ಹಿಡಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನು ಬಿ.ಸಿ. ರೋಡಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಂಟ್ವಾಳದಲ್ಲಿ ಗೇರುಬೀಜ ರಫ್ತಿನ ಒಂದು ಕಂಪನಿ ಇತ್ತು. ಪುತ್ತಿಗೆಯಲ್ಲಿ, ಗುರುವಾಯನಕೆರೆಯಲ್ಲಿ ಅದರ ಕಾರ್ಖಾನೆಗಳು, ಫರಂಗಿಪೇಟೆಯಲ್ಲಿ ಗೋದಾಮು. ಎಲ್ಲರ ಇ-ಮೇಲೂ ಹೆಡ್ಡಾಫೀಸಿನ ಒಂದೇ ಸರ್ವರಿನ ಮೂಲಕ ಹೋಗಿ ಬರಬೇಕು. ಒಂದು ಗುರುವಾರ ಬೆಳಿಗ್ಗೆ ಅಲ್ಲಿಯ ಮ್ಯಾನೇಜರು ಫೋನ್ ಮಾಡಿದರು: “ನೆಟ್ಟು ಭಾರೀ ನಿಧಾನ ಉಂಟು ಮಾರಾಯ್ರೆ. ಪುತ್ತಿಗೆಯಿಂದ ಬೆಳಿಗ್ಗೆ ಬಿಟ್ಟ ಮೇಲು ಮರುದಿನ ಬರ್ತದೆ. ಅದಕ್ಕಿಂತ ಬಸ್ಸಲ್ಲಿ ಕೊಟ್ಟು ಕಳಿಸುದು ಬೇಗ.”

ಆಫೀಸಿನ ಮೆಟ್ಟಿಲಲ್ಲೇ ಗೋದಾಮು ನೋಡಿಕೊಳ್ಳುವ ಹಿರಿಯರು, ನಾವೆಲ್ಲ ಕಾಕ ಎನ್ನುವವರು, ನಿಂತಿದ್ದರು. ಫರಂಗಿಪೇಟೆಗೆ ರಿಪೇರಿಗೆ ಹೋದಾಗಲೆಲ್ಲ ನನಗೆ ಸುಲೈಮಾನಿ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಅವರ ತಮ್ಮ ಗಲ್ಫಿನಲ್ಲಿ ಕಟ್ಟಡದ ಕೆಲಸದಲ್ಲಿದ್ದವನು ಬಿದ್ದು ತೀರಿಕೊಂಡಿದ್ದ. ಮಯ್ಯತ್ತನ್ನು, ಎಂದರೆ ಹೆಣವನ್ನು, ಊರಿಗೆ ಕಳಿಸಬೇಕಾದರೆ ಮನೆಯವರ ಒಪ್ಪಿಗೆ ಪತ್ರ ಬೇಕು, ಹೆಚ್ಚು ದಿನ ಇಟ್ಟುಕೊಳ್ಳಲಾಗದು, ಪತ್ರ ಬರದಿದ್ದರೆ ಅಲ್ಲೇ ದಫನ ಎಂದು ಅಲ್ಲಿಯ ಕಂಪನಿ ಹೇಳಿತ್ತು. ಫ್ಯಾಕ್ಸ್ ಮಾಡಿದ್ದು ಆಚೆ ಕಡೆ ಬರೀ ಕಪ್ಪು ಹಾಳೆಯಾಗಿ ಬಿತ್ತಂತೆ. ಹಾಗಾಗಿ ಉಮ್ಮನ, ಎಂದರೆ ತಾಯಿಯ, ಹೆಬ್ಬೆಟ್ಟು ಒತ್ತಿಸಿದ ಪತ್ರವನ್ನು ಸ್ಕ್ಯಾನ್ ಮಾಡಿ ಸೋಮವಾರ ಆಫೀಸಿನಿಂದಲೇ ಮೇಲ್ ಮಾಡಿಸಿದ್ದರು.

“ಅದು ಹೋಗಿದೆಯಾ ಅಂತ ಒಮ್ಮೆ ನೋಡ್ತೀರಾ? ಮ್ಯಾನೇಜರು ಹೋಗಿ ಆಯ್ತು ಅಂತಾರೆ. ತಮ್ಮನ ರೂಮಿನವನು ಬಂದಿಲ್ಲ ಅಂತಾನೆ.”

“ಯಾವಾಗ ಹೇಳಿದ್ದು ಕಾಕ?”

“ಮೊನ್ನೆ. ನಿನ್ನೆಯಿಂದ ಅವನು ಫೋನ್ ಎತ್ತುದಿಲ್ಲ. ಉಮ್ಮನಿಗೆ ಮುಖ ಒಂದು ನೋಡ್ಬೇಕು ಅಂತ. ಬೇರೆಂತ ಇಲ್ಲ.”

ಒಳಗೆ ಮ್ಯಾನೇಜರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. “ನೋಡಿ, ಕಳಿಸಿದ್ದರ ಪಟ್ಟಿಯಲ್ಲಿ ಉಂಟು. ಸೋಮವಾರವೇ ಹೋಗಿ ಆಯ್ತು. ಇನ್ನೆಂತ ಸಾಕ್ಷಿ ಬೇಕು?”

“ಸಾರ್, ಅಂಚೆ ಡಬ್ಬಿಗೆ ಹಾಕಿದ್ದಕ್ಕೆ ಇದು ಸಾಕ್ಷಿ. ಮುಟ್ಟಿದ್ದಕ್ಕಲ್ಲ.”

“ಬಂತು, ಡಿಬೇಟು ಬಂತು!” ಎಂದರು. ಆಮೇಲೆ ದನಿ ತಗ್ಗಿಸಿ, “ಕಾಕನ ವಿಷಯ ಧಣಿಗಳಿಗೆ ಗೊತ್ತಿಲ್ಲ ಆಯ್ತಾ. ಮದುವೆ ಮನೆಗೆ ಸಾವಿನ ಸುದ್ದಿ ಮುಟ್ಟಿಸುದು ಬೇಡ ಅಂತ ನಾನೇ ಹೇಳಲಿಲ್ಲ” ಎಂದರು. ಕಂಪನಿಯ ಧಣಿಗಳದ್ದು ಮೂಡುಬಿದಿರೆಯ ಹಳೆಯ ಜೈನ ಮನೆತನ. ಅವರ ಮಗಳ ಮದುವೆ ಹತ್ತಿರದಲ್ಲಿತ್ತು.

ನಿಧಾನಕ್ಕೆ ಕಾರಣವೇನೆಂದು ಆಫೀಸಿನಲ್ಲಿ ಪ್ರತಿಯೊಬ್ಬರ ಬಳಿಯೂ ಸಿದ್ಧಾಂತವಿತ್ತು. ಟೆಲಿಫೋನಿನವರು ಸರಿ ಇಲ್ಲ, ವೈರಸ್ಸು, ಸರ್ವರನ್ನು ಆಗ್ನೇಯ ಮೂಲೆಗೆ ಸರಿಸಿದ ಮೇಲೆ ಹೀಗೆ. ನನಗೆ ಯಾವುದರಲ್ಲೂ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲದವನು ಮಾಡಬಹುದಾದ್ದು ಒಂದೊಂದನ್ನೇ ಸುಳ್ಳೆಂದು ತೋರಿಸುವುದು. ಸರ್ವರನ್ನು ಬಿಡಿಸಿ ಒಂದೇ ಕಂಪ್ಯೂಟರನ್ನು ನೇರವಾಗಿ ಲೈನಿಗೆ ಕೊಟ್ಟೆ. ಚುರುಕಾಗಿಯೇ ಇತ್ತು. ಟೆಲಿಫೋನಿನವರು ಗೆದ್ದರು. ವೈರಸ್ಸು ಹುಡುಕಿದೆ, ಇಲ್ಲ. ಸರ್ವರನ್ನು ಮತ್ತೆ ಜೋಡಿಸಿ, ಉಳಿದ ಎಲ್ಲ ಕಂಪ್ಯೂಟರುಗಳನ್ನೂ ಆಫ್ ಮಾಡಲು ಹೇಳಿದೆ. ಆದರೂ ವೈರುಗಳೆಲ್ಲ ಬಂದು ಸೇರುವ ಹಬ್ಬಿನಲ್ಲಿ ಸರ್ವರಿನ ದೀಪ ಬಿಟ್ಟೂಬಿಡದೆ ಮಿಣುಕುತ್ತಿತ್ತು. ಸಭೆಯಲ್ಲಿ ಎಲ್ಲರೂ ಬಾಯಿ ಮುಚ್ಚಿದ ಮೇಲೂ ಗದ್ದಲ ನಿಲ್ಲದಿದ್ದರೆ, ಗದ್ದಲ ಮಾಡುವವನು ಅಧ್ಯಕ್ಷನೇ.

ಹೊರಗೆ ಹೋಗಲು ಕಾದಿರುವ ಮೇಲುಗಳ ಸಾಲನ್ನು ತೆರೆದೆ. ಮೇಲಿಂದ ಕೆಳಗಿನವರೆಗೂ ಒಂದೇ ವಸ್ತು: ಧಣಿಗಳ ಮಗಳ ಮದುವೆಯ ಆಮಂತ್ರಣ. ಚಿನ್ನದ ಅಂಚಿನ ಕಾಗದವನ್ನು ಲಕೋಟೆ ಸಮೇತ, ಬಣ್ಣದಲ್ಲಿ, ಸ್ಕ್ಯಾನರಿಗೆ ಎಷ್ಟು ಸಾಧ್ಯವೋ ಅಷ್ಟು ದೊಡ್ಡದಾಗಿ ತೆಗೆದಿದ್ದರು. ಆ ಸಣ್ಣ ಲೈನಿನಲ್ಲಿ ಅದು ಅರ್ಧ ದಾರಿ ಹೋಗುವುದು, ಕಡಿದು ಹೋಗುವುದು, ಸರ್ವರು ಮೊದಲಿಂದ ಶುರು ಮಾಡುವುದು. ಅಷ್ಟರಲ್ಲಿ ಮ್ಯಾನೇಜರು ಆಚೆಯವರಿಗೆ ಫೋನ್ ಮಾಡಿ “ಹೇಳಿಕೆ ಮುಟ್ಟಿತಾ?” ಎಂದು ಕೇಳುವರು. “ಇಲ್ಲವಲ್ಲ” ಎಂದರೆ ಕೂಡಲೇ ಇನ್ನೊಂದು ಕಳಿಸುವರು. ಧಣಿಗಳ ಮುಂಬಯಿಯ ಒಬ್ಬ ಮಾವನಿಗೇ ಒಂದರ ಹಿಂದೊಂದು ನಿಂತಿದ್ದವು. ಗುರುವಾಯನಕೆರೆಯಲ್ಲಿ ರಸ್ತೆಗೆ ಅಡ್ಡ ಲಾರಿ ನಿಂತ ಹಾಗೆ. ಅವುಗಳ ಹಿಂದೆ, ಸೋಮವಾರದಿಂದ ಕದಲದೆ, ಕಾಕನ ಉಮ್ಮನ ಹೆಬ್ಬೆಟ್ಟು.

“ಇವನ್ನೆಲ್ಲ ಅಳಿಸುವ ಸಾರ್.”

“ಹೇಳಿಕೆಯನ್ನು ಅಳಿಸುದಾ? ಒಳ್ಳೆದು ಮಾತಾಡಿ ಮಾರಾಯ್ರೆ! ನಾಳೆ ಒಬ್ಬರು ಮುಟ್ಟಲಿಲ್ಲ ಅಂದ್ರೆ ನನ್ನ ಕತೆ ಎಂತ?”

“ಮುಟ್ಟದ ಹಾಗೆ ಮಾಡಿದ್ದೇ ನೀವು. ನೀವು ಕಳಿಸಿದಷ್ಟೂ ಅದು ಮುಟ್ಟುವುದಿಲ್ಲ.”

“ಅದು ನಿಮ್ಮ ತರ್ಕ.”

“ನಿಮ್ಮದು ಎಂತ?”

“ನನ್ನದು ಸಂಬಳ.”

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಹೇಳುವವನೂ ಇದ್ದೆ. ಬಾಗಿಲಲ್ಲಿದ್ದ ಕಾಕ, “ಅಳಿಸುದು ಬೇಡ ಸಾರ್. ಮದುವೆಯದ್ದು ಅಲ್ವಾ. ನನ್ನದನ್ನು ಸ್ವಲ್ಪ ಮುಂದೆ ಬಿಡ್ಲಿಕ್ಕೆ ಆಗ್ತದಾ ಅಂತ” ಎಂದರು. ಆಮಂತ್ರಣಗಳನ್ನು ತಡೆದು ಇಡುವ, ಅಳಿಸುವುದಲ್ಲ ಎಂದೆ. ‘ತಡೆದು ಇಡುವುದು’ ಎಂಬ ಮಾತಿಗೆ ಮ್ಯಾನೇಜರು ಒಪ್ಪಿದರು.

ಪತ್ರ ಹೊರಟಿತು. ಪುತ್ತಿಗೆಯ ಮೇಲುಗಳು ದಡದಡನೆ ಬಂದು ಬಿದ್ದವು. “ಈಗ ಕುದುರೆ ಹಾಗೆ ಉಂಟು!” ಎಂದು ಮ್ಯಾನೇಜರು ನಕ್ಕರು. ಸ್ವಲ್ಪ ಹೊತ್ತಿನಲ್ಲೇ ಗಲ್ಫಿನ ಕಂಪನಿಯಿಂದ ತಾನಾಗಿ ಬರುವ ಉತ್ತರವೂ ಬಂತು: ನಿಮ್ಮ ಮೇಲ್ ತಲುಪಿದೆ, ಧನ್ಯವಾದ.

ಕಾಕ ಆಫೀಸಿನಿಂದಲೇ ತಮ್ಮನ ರೂಮಿನವನಿಗೆ ಫೋನ್ ಮಾಡಿದರು. ಈ ಸಲ ಎತ್ತಿದ. ಬ್ಯಾರಿ ಭಾಷೆಯಲ್ಲಿ ಕಾಕ ಎರಡು ಮಾತಾಡಿದರು, ಮತ್ತೆ ಬರೀ ಕೇಳಿಸಿಕೊಂಡರು. ರಿಸೀವರನ್ನು ಮೆಲ್ಲ ಇಟ್ಟರು.

“ನಿನ್ನೆ ಸಂಜೆಯ ಅಸರ್ ನಮಾಜ್ ಕಳೆದು ದಫನ ಮಾಡಿ ಆಯ್ತಂತೆ. ಹೇಳ್ಲಿಕ್ಕೆ ಅವನಿಗೆ ಧೈರ್ಯ ಬರಲಿಲ್ಲ ಅಂತೆ.”

ಕಾಕ ನನ್ನ ಕಡೆ ನೋಡಿದರು. “ಉಮ್ಮನಿಗೆ ಎಂತ ಹೇಳುದು? ಮೇಲು ನಿಧಾನ ಆಯ್ತು ಅಂದ್ರೆ, ಮೇಲು ಅಂದ್ರೆ ಎಂತ ಅಂತಲೇ ಅವರಿಗೆ ಗೊತ್ತಿಲ್ಲ.”

ಕಾರಣವನ್ನು ನಾನು ಹುಡುಕಿ ಆಗಿತ್ತು. ಅದನ್ನು ಒಬ್ಬ ತಾಯಿಗೆ ಹೇಳುವ ಹಾಗೆ ಒಂದು ವಾಕ್ಯ ಮಾಡಲು ನೋಡಿದೆ, ಆಗಲಿಲ್ಲ.

ಆಗ ಫೋನ್ ಬಡಿಯಿತು. ಮ್ಯಾನೇಜರು ಎತ್ತಿ ನೆಟ್ಟಗಾದರು. ಧಣಿಗಳು. ಕೆಲಸದವರನ್ನು ಮದುವೆಗೆ ತಾವೇ ಕರೆಯಬೇಕೆಂದು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರಂತೆ. ಗೋದಾಮಿಗೆ ಮಾಡಿದಾಗ ಕಾಕ ಇಲ್ಲಿದ್ದಾರೆ ಎಂದು ತಿಳಿಯಿತಂತೆ. ಮ್ಯಾನೇಜರು ಕಾಕನನ್ನು ನೋಡಿದರು, ನನ್ನನ್ನು ನೋಡಿದರು, ರಿಸೀವರಿನ ಬಾಯಿಗೆ ಅಂಗೈ ಒತ್ತಿ ಹಿಡಿದರು. ಅವರ ಮುಖ ಕಾಕನನ್ನು ಬೇಡಿಕೊಳ್ಳುತ್ತಿತ್ತು.

ಕಾಕ ಅವರ ಕೈಯಿಂದ ರಿಸೀವರು ತೆಗೆದುಕೊಂಡು ಎದ್ದು ನಿಂತರು.

“ಹೌದು ಧಣಿ, ನಾನೇ... ಮುಟ್ಟಿದೆ... ಮನೆಯಲ್ಲಿ ಎಲ್ಲ ಸೌಖ್ಯ. ಉಮ್ಮನಿಗೂ ಹೇಳ್ತೇನೆ.”